ಕಾವು ಕೂರದ ಕೋಳಿಗಳೂ ನಾನೂ

ಕೋಳಿ ಹಿಡಿಯಲು ಬರುತ್ತದೆಯೇ? ಪಶು ಇಲಾಖೆಗೆ ಹೊಸದಾಗಿ ಸೇರಿ, ನನ್ನ ಬಳಿ ಸಲಹೆ ಕೇಳಲು ಬರುವ ಹುಡುಗ ಹುಡುಗಿಯರಿಗೆ ನಾನು ಹಾಕುವ ಮೊದಲ ಪ್ರಶ್ನೆ ಇದು. ಅವರು ನಗುತ್ತಾರೆ. ನಗಲಿ. ನಾನೂ ಮೊದಲ ದಿನ ಹಾಗೇ ನಕ್ಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಾನು ಡಾಕ್ಟರಲ್ಲ. ಜಾನುವಾರು ಪರಿವೀಕ್ಷಕಿ ಎಂಬ ಉದ್ದದ ಹೆಸರಿನ ಸಣ್ಣ ಕೆಲಸ ನನ್ನದು. ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಎಂದು ಸುತ್ತಿದ್ದೇ ಸುತ್ತಿದ್ದು. ಆಸ್ಪತ್ರೆಯಲ್ಲಿ ದನಕ್ಕಿದ್ದ ಮರ್ಯಾದೆ ಕೋಳಿಗಿರಲಿಲ್ಲ. ಸೀಮೆಹಸು ಬಂದರೆ ಡಾಕ್ಟರು ಎದ್ದು ನಿಲ್ಲುತ್ತಿದ್ದರು, ಕೋಳಿ ಬಂದರೆ ನನ್ನನ್ನು ಕರೆಯುತ್ತಿದ್ದರು. ಹಾಗಾಗಿ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ‘ಕೋಳಿ ಮೇಡಮ್ಮು’ ಎಂದರೆ ಎಲ್ಲರಿಗೂ ಗೊತ್ತು.

ಮೊದಲ ಪಾಠ ಮಾಲೂರಿನ ಕಡೆ ಆಯಿತು. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಬೇಕಿತ್ತು. ಈ ರೋಗ ಬಂದರೆ ಊರಿನ ಕೋಳಿಗಳೆಲ್ಲ ವಾರದೊಳಗೆ ಕತ್ತು ತಿರುಚಿಕೊಂಡು ಸಾಯುತ್ತವೆ. ನಾನು ಆಸ್ಪತ್ರೆಯಲ್ಲಿ ಸಹಿ ಹಾಕಿ, ಐಸ್ ತುಂಬಿದ ಫ್ಲಾಸ್ಕನ್ನು ಹೆಗಲಿಗೆ ತಗುಲಿಸಿಕೊಂಡು, ಹತ್ತು ಗಂಟೆಗೆ ಇಟ್ಟಿಗೆ ಗೂಡುಗಳ ಪಕ್ಕದ ಹಳ್ಳಿಗೆ ಹೋದೆ. ಕೋಳಿಗಳು ಅಲ್ಲೇ ಕಣ್ಣೆದುರಿಗೆ ಓಡಾಡುತ್ತಿದ್ದವು. ಒಂದರ ಹಿಂದೆ ಓಡಿದೆ. ಅದು ಇಟ್ಟಿಗೆ ಮಣ್ಣು ಕಲಸಿದ ಗುಂಡಿಯ ಅಂಚಿನಲ್ಲಿ ಸರಕ್ಕನೆ ತಿರುಗಿತು. ನಾನು ತಿರುಗಲಿಲ್ಲ.

ಸೊಂಟದವರೆಗೆ ಕೆಸರಾಗಿ ಎದ್ದು ಬಂದಾಗ ಅಲ್ಲಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. “ಹತ್ತು ಗಂಟೇಲಿ ಕೋಳಿ ಕೈಗೆ ಸಿಗ್ತದೇನಮ್ಮ? ಹತ್ತು ಗಂಟೆಗೆ ನಮ್ಮ ಮನೆ ಗಂಡ್ಸೇ ಸಿಗಲ್ಲ, ಟ್ರೈನ್ ಹತ್ತಿರ್ತಾನೆ. ಬೆಳಕು ಹರಿಯೋ ಮುಂಚೆ ಬಾ. ಮಂಕರಿ ಎತ್ತೋ ಮುಂಚೆ ಬಂದ್ರೆ ಒಂದೊಂದೇ ಕೈಗೆ ಕೊಡ್ತೀನಿ.” ರಾತ್ರಿ ಕೋಳಿಗಳನ್ನು ಬಿದಿರಿನ ಮಂಕರಿ ಕವುಚಿ ಕೂಡುವುದು ಈ ಕಡೆಯ ರೂಢಿ. ನನ್ನ ತರಬೇತಿಯ ಪುಸ್ತಕದಲ್ಲಿ ಲಸಿಕೆಯ ಉಷ್ಣಾಂಶವಿತ್ತು, ಕೋಳಿಯ ಕಣ್ಣಿಗೆ ಎಷ್ಟು ಹನಿ ಬಿಡಬೇಕೆಂಬುದಿತ್ತು, ಮಂಕರಿ ಯಾವಾಗ ಎತ್ತುತ್ತಾರೆ ಎಂಬುದು ಇರಲಿಲ್ಲ. ಮಾರನೆಯ ದಿನ ಐದು ಗಂಟೆಗೆ ಹೋದೆ, ಏಳಕ್ಕೆ ಇಡೀ ಕೇರಿ ಮುಗಿಯಿತು.

ಈಗ ಕಾಲ ಬದಲಾಗಿದೆ. ಪ್ರತಿ ಊರಿನಲ್ಲಿ ಲಸಿಕೆ ಹಾಕಲು ಕಲಿತ ಹೆಂಗಸೊಬ್ಬಳು ಸಿಗುತ್ತಾಳೆ. ಕೋಳಿಗೆ ಭೇದಿಯಾದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ನಾನು ನಿವೃತ್ತಳಾದ ಸುದ್ದಿ ಇನ್ನೂ ಕೆಲವರಿಗೆ ತಲುಪಿಲ್ಲ, ಹಾಗಾಗಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡಾಗಲೇ ಇಂಥ ಚಿತ್ರಗಳು ಬರುತ್ತವೆ. ಹಸಿರೋ ಬಿಳಿಯೋ ಎಂದು ನೋಡಿ, ಔಷಧ ಹೇಳಿ, ಮತ್ತೆ ಉಪ್ಪಿಟ್ಟು ತಿನ್ನುತ್ತೇನೆ.

ಇವೆಲ್ಲ ನಗುವ ಮಾತು. ನಾನು ನಿಜವಾಗಿ ಹೇಳಬೇಕೆಂದಿರುವುದು ಒಂದು ಹುಂಜದ ವಿಷಯ. ಅದನ್ನು ನಾನು ತಿಂದೆ.

ಆಗ ನಮ್ಮ ಮೇಲಧಿಕಾರಿಯಾಗಿದ್ದವರು ಒಳ್ಳೆಯ ಮನುಷ್ಯರು. ಗಟ್ಟಿ ದನಿ, ಇಸ್ತ್ರಿ ಮಾಡಿದ ಸಫಾರಿ, ಎಲ್ಲದರಲ್ಲೂ ಅವಸರ. ನಾಟಿ ಕೋಳಿಯೆಂದರೆ ಅವರಿಗೆ ಹಳ್ಳಿಯ ಬಡತನಕ್ಕೆ ಕಾಲು ಬಂದಂತೆ ಕಾಣುತ್ತಿತ್ತು. ಅವರು ತಂದ ಯೋಜನೆ ಸರಳ: ರೈತರು ತಮ್ಮ ಮನೆಯ ನಾಟಿ ಹುಂಜ ಕೊಡುವುದು, ನಾವು ಒಂದು ಸುಧಾರಿತ ತಳಿಯ ಹುಂಜ ಕೊಡುವುದು. ಮರಿಗಳು ದೊಡ್ಡವಾಗುತ್ತವೆ, ಮೊಟ್ಟೆ ಜಾಸ್ತಿಯಾಗುತ್ತದೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಕೋಳಿ ಸಾಕುವವರನ್ನೂ ಯಾರೂ ಕೇಳಲಿಲ್ಲ. ಶ್ರೀನಿವಾಸಪುರದ ಒಂದು ಭಾಗವನ್ನೂ ಆಮೇಲೆ ಮುಳಬಾಗಿಲಿನ ಗಡಿ ಹಳ್ಳಿಗಳನ್ನೂ ನನಗೆ ವಹಿಸಿದರು. ಹಳ್ಳಿಯ ಹೆಂಗಸರನ್ನು ಒಪ್ಪಿಸುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಾಗಿತ್ತು.

ಮುಳಬಾಗಿಲಿನಾಚೆ, ಆಂಧ್ರದ ಬಸ್ಸುಗಳ ಹಾರ್ನು ಕೇಳುವ ಒಂದು ಊರಿನಲ್ಲಿ ಆಂಜಿನಮ್ಮ ಇದ್ದಳು. ಒಂಟಿ ಹೆಂಗಸು, ಅರವತ್ತರ ಹತ್ತಿರದ ವಯಸ್ಸು, ಸ್ವಲ್ಪ ರಾಗಿ ಹೊಲ, ಹಿತ್ತಲ ತುಂಬ ಬೋಳುಕತ್ತಿನ ಕೋಳಿಗಳು. ಈ ಜಾತಿಗೆ ಕತ್ತಿನ ಮೇಲೆ ಒಂದು ಪುಕ್ಕವೂ ಇರುವುದಿಲ್ಲ, ಕೆಂಪು ಚರ್ಮ ಹಾಗೇ ಕಾಣುತ್ತದೆ. ನೋಡಲು ಚೆಂದವೇನಲ್ಲ. ಆದರೆ ಬಿಸಿಲು ತಡೆಯುತ್ತದೆ, ಹದ್ದಿಗೆ ಹೆದರುವುದಿಲ್ಲ, ಕಾವಿಗೆ ಕೂತರೆ ಇಪ್ಪತ್ತೊಂದು ದಿನ ಅಲ್ಲಾಡುವುದಿಲ್ಲ. ಅವಳ ಬಳಿ ಒಂದೇ ಹುಂಜವಿತ್ತು.

“ಇದು ನಮ್ಮಮ್ಮನ ಮನೆ ಸಾಲಿಂದು ಮೇಡಮ್ಮು,” ಎಂದಳು. “ಹದ್ದು ಬಂದ್ರೆ ಮೊದಲು ಕೂಗೋದು ಇದೇ. ಇದನ್ನ ಕೊಟ್ಟು ಯಾವ್ದೋ ಊರಿನ ಬಿಳಿ ಹುಂಜ ಕಟ್ಕೊಂಡು ನಾನೇನ್ ಮಾಡ್ಲಿ?”

ನಾನು ಜಗಲಿಯ ಮೇಲೆ ಕೂತು ಒಂದು ಗಂಟೆ ಮಾತಾಡಿದೆ. ಅವಳು ಕೊಟ್ಟ ಮಜ್ಜಿಗೆ ಕುಡಿದೆ. ಹೊಸ ಹುಂಜದಿಂದ ಹುಟ್ಟಿದ ಹೇಂಟೆಗಳು ಎರಡರಷ್ಟು ಮೊಟ್ಟೆ ಇಡುತ್ತವೆ ಎಂದೆ. ಅದು ಸುಳ್ಳಾಗಿರಲಿಲ್ಲ. ಕೊನೆಗೆ ಅವಳು, “ಓದಿದೋರು, ನಿಮಗೆ ತಿಳಿದಿರ್ತದೆ” ಎಂದು ಹುಂಜವನ್ನು ಹಿಡಿದು ನನ್ನ ಕೈಗೆ ಕೊಟ್ಟಳು. ಆ ಮಾತು ಕೇಳಿದಾಗ ನನಗೆ ಹೆಮ್ಮೆಯಾಗಿತ್ತು. ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಬದಲಿಗೆ ಪಡೆದ ನಾಟಿ ಹುಂಜಗಳನ್ನು ಏನು ಮಾಡಬೇಕೆಂದು ಯೋಜನೆಯಲ್ಲಿ ಬರೆದಿರಲಿಲ್ಲ. ಮುಂದಿನ ವಾರ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಮಧ್ಯಾಹ್ನ ಮುದ್ದೆ, ನಾಟಿ ಕೋಳಿ ಸಾರು. ಸಾಹೇಬರು ಬೆರಳು ಚೀಪಿ, “ಏನೇ ಹೇಳಿ, ರುಚಿಯಲ್ಲಿ ನಾಟಿ ನಾಟಿಯೇ” ಎಂದರು. ನಾನೂ ಎರಡು ಸಲ ಬಡಿಸಿಕೊಂಡೆ. ಅದರಲ್ಲಿ ಆಂಜಿನಮ್ಮನ ಹುಂಜವೂ ಇತ್ತೆಂದು ಅಟೆಂಡರ್ ಹೇಳಿದ್ದು ಎಲೆ ಎತ್ತಿದ ಮೇಲೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅದನ್ನು ನಾನು ಮುದ್ದೆಯ ಜೊತೆಯಲ್ಲೇ ಉಂಡೆ.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮುಳಬಾಗಿಲಿನ ಆಸ್ಪತ್ರೆಗೆ ಆಂಜಿನಮ್ಮ ಬಂದಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಪುಟ್ಟಿಯನ್ನು ನನ್ನ ಮೇಜಿನ ಮೇಲೆ, ರಿಜಿಸ್ಟರಿನ ಮೇಲೇ ಇಟ್ಟಳು. ರಾಗಿ ಹೊಟ್ಟಿನ ಮೇಲೆ ದೊಡ್ಡ ದೊಡ್ಡ ಮೊಟ್ಟೆಗಳು.

“ಏನ್ ಆಂಜಿನಮ್ಮ, ನನಗಾ?” ಎಂದು ನಾನು ನಕ್ಕೆ.

“ನಿಮಗೇ. ಮೊಟ್ಟೆ ಇಕ್ತವೆ ಮೇಡಮ್ಮು, ಇಕ್ಕಲ್ಲ ಅನ್ನಂಗಿಲ್ಲ. ನೀವು ಹೇಳ್ದಂಗೇ ಇಕ್ತವೆ. ಇಕ್ಕಿ ಎದ್ದು ಹೊಂಟೋಯ್ತವೆ. ಕಾವಿಗೆ ಒಂದೂ ಕೂರಲ್ಲ. ನೀವೇ ಕುಂತ್ಕೊಳಿ.”

ಹಸು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದವನು ಗೊಳ್ಳೆಂದು ನಕ್ಕ. ಆಂಜಿನಮ್ಮ ನಗಲಿಲ್ಲ. ಸ್ಟೂಲಿನ ಮೇಲೆ ಕೂತು, ನಾನು ಅಂದೇ ಕೇಳಬೇಕಾಗಿದ್ದು ಕೇಳದೆ ಬಿಟ್ಟ ಸಂಗತಿಯನ್ನೆಲ್ಲ ಹೇಳಿದಳು. ಆ ಊರಿನ ಹೆಣ್ಣುಮಕ್ಕಳು ಮದುವೆಯಾಗಿ ಹೊರಡುವಾಗ ಅಕ್ಕಿ, ಬೆಲ್ಲದ ಜೊತೆ ಆಂಜಿನಮ್ಮ ಕಾವಿಗಿಡುವ ಮೊಟ್ಟೆಗಳನ್ನು ರಾಗಿ ಹೊಟ್ಟಿನಲ್ಲಿ ಹುದುಗಿಸಿ ಕೊಡುತ್ತಿದ್ದಳು. ಅವಳ ತಾಯಿಯೂ ಕೊಡುತ್ತಿದ್ದಳು. ಕಾವಿನ ಮೊಟ್ಟೆಯನ್ನು ಮಾರಬಾರದು, ಕೇಳಿದವರಿಗೆ ಇಲ್ಲವೆನ್ನಬಾರದು. ಹೊಸ ಮನೆಗೆ ಹೋದ ಹುಡುಗಿಗೆ ಗಂಡನನ್ನೂ ಅತ್ತೆಯನ್ನೂ ಕೇಳದೆ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದರೆ ಅದು ಆ ಕೋಳಿಗಳಿಂದ.

“ಈಗ ಕೊಟ್ರೆ ಏನ್ ಪ್ರಯೋಜ್ನ? ಆ ಮೊಟ್ಟೇಲಿ ಬಂದ ಹ್ಯಾಟೆ ಕಾವು ಕೂರಲ್ಲ. ಹಳೇದು ಒಂದೇ ಉಳ್ಕೊಂಡೈತೆ ನನ್ಹತ್ರ, ಬೋಡಿ. ಅದಕ್ಕೂ ವಯಸ್ಸಾಯ್ತು. ಅದು ಮೊಟ್ಟೆ ನಿಲ್ಸೋದ್ರೊಳ್ಗೆ ಅದರ ಜಾತಿ ಹುಂಜ ತಂದ್ಕೊಡಿ. ಇಲ್ದಿದ್ರೆ ನಮ್ಮಮ್ಮನ ಸಾಲು ನನ್ನ ಕೈಯಲ್ಲೇ ಮುಗೀತದೆ.” ಅವಳ ಕಣ್ಣಲ್ಲಿ ನೀರಿತ್ತು. ಹುಂಜ ಏನಾಯಿತೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುವ ಧೈರ್ಯ ನನಗಿರಲಿಲ್ಲ.

ಹುಡುಕಾಟ ಶುರುವಾಯಿತು. ಲಸಿಕೆಗೆಂದು ಹೋದಲ್ಲೆಲ್ಲ ಬೋಳುಕತ್ತಿನ ಹುಂಜ ಇದೆಯೇ ಎಂದು ಕೇಳಿದೆ. ಇದ್ದವು, ಕತ್ತು ಬೋಳು, ಮೈ ಮಾತ್ರ ನಮ್ಮ ಯೋಜನೆಯದು. ಕೊನೆಗೆ ವೇಮಗಲ್ಲಿನಲ್ಲಿ, ಫ್ಯಾಕ್ಟರಿಗೆ ಹೋಗುವವರಿಗೆ ಭಾನುವಾರ ಕೋಳಿ ಮಾರುವವನೊಬ್ಬನ ಬಳಿ ಸಿಕ್ಕಿತು. ಸಣ್ಣ ಮೈ, ಕಪ್ಪು ಕಾಲು, ಕತ್ತು ಕೆಂಪಗೆ ನುಣ್ಣಗೆ. “ಅಸಲಿ ಮಾಲು ಮೇಡಂ, ನಮ್ ತಾತನ ಕಾಲದ್ದು” ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ನಾನೇ ಒಯ್ದು ಕೊಟ್ಟೆ. ಆಂಜಿನಮ್ಮ ಹುಂಜವನ್ನು ತಿರುಗಿಸಿ ಮುರುಗಿಸಿ ನೋಡಿ, “ಊಂ” ಎಂದಳು. ಬೋಡಿಯ ಜೊತೆ ಬಿಡದೆ ಅದನ್ನು ಬೇರೆ ಮಂಕರಿಯಲ್ಲಿ ಕೂಡಿದಳು.

ಮೂರು ವಾರಕ್ಕೆ ಅವಳ ಪಕ್ಕದ ಮನೆಯ ಫೋನಿನಿಂದ ಕರೆ ಬಂತು.

“ಮೇಡಮ್ಮು, ನಿಮ್ಮ ಹುಂಜಕ್ಕೆ ಗಡ್ಡ ಬಂದೈತೆ.”

ಹೋಗಿ ನೋಡಿದೆ. ಕತ್ತಿನ ಸುತ್ತ ಮುಳ್ಳು ಮುಳ್ಳಾಗಿ ಹೊಸ ಪುಕ್ಕಗಳು ಎದ್ದು ನಿಂತಿದ್ದವು. ವೇಮಗಲ್ಲಿನ ಮಾರಾಯ ಪುಕ್ಕ ಕಿತ್ತು, ಅರಿಸಿನ ಎಣ್ಣೆ ಹಚ್ಚಿ ನನಗೆ ಕೊಟ್ಟಿದ್ದ. ಕಿತ್ತ ಚರ್ಮದಲ್ಲಿ ಪುಕ್ಕದ ಗುಳಿಗಳು ಇರುತ್ತವೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಎಷ್ಟೋ ವರ್ಷ ಕೋಳಿ ಹಿಡಿದ ನಾನು ಬೆರಳಾಡಿಸಿರಲಿಲ್ಲ. ಕೇರಿಯ ಹೆಂಗಸರೆಲ್ಲ ಬಂದು ಆ ಹುಂಜವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಗಬೇಕಾಯಿತು. ಆಂಜಿನಮ್ಮ ಕೂಡ ಅಂದು ಮೊದಲ ಸಲ ನಕ್ಕಳು.

ಆಮೇಲೆ ಹೇಳಿದಳು, “ನೀವು ಹುಂಜನ ಯಾಕೆ ನೋಡ್ತೀರಿ? ಹುಂಜ ಚೆಂದ ಇರ್ಲಿ ಬಿಡ್ಲಿ, ಅದರವ್ವನ್ನ ನೋಡ್ಬೇಕು. ಅವ್ವ ಕಾವು ಕೂತಿರೋವಾಗ ಕೈ ಹಾಕಿ ನೋಡ್ಬೇಕು. ಎದ್ದು ಓಡ್ತಾ, ಬೇಡ. ಕಚ್ತಾ, ಆ ಹುಂಜ ತಗೊಳ್ಳಿ.”

ತಳಿ ಆಯ್ಕೆಯ ಬಗ್ಗೆ ನಾನು ಮೂರು ತರಬೇತಿಗಳಿಗೆ ಹೋಗಿದ್ದೆ. ತೂಕ, ಮೊಟ್ಟೆ, ಕಾಲಿನ ಅಳತೆ, ಎಲ್ಲ ಬರೆದುಕೊಂಡಿದ್ದೆ. ಈ ಒಂದು ಮಾತು ಅಲ್ಲಿ ಯಾರೂ ಹೇಳಿರಲಿಲ್ಲ. ಹೊಸದಾಗಿ ಬರುವವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ.

ಹೀಗೆ ಇಬ್ಬರೂ ಒಟ್ಟಿಗೆ ಹೊರಟೆವು. ನನ್ನ ಹತ್ತಿರ ರಿಜಿಸ್ಟರಿತ್ತು, ಅವಳ ಹತ್ತಿರ ನೆನಪಿತ್ತು. ಯಾವ ಹುಡುಗಿಗೆ ಮೊಟ್ಟೆ ಕೊಟ್ಟೆ, ಅವಳು ಯಾವ ಊರಿಗೆ ಹೋದಳು, ಎಷ್ಟು ಮರಿಯಾದವು, ಎಲ್ಲ ಬಾಯಲ್ಲೇ. ರಜೆ ಹಾಕಿದ ದಿನಗಳಲ್ಲಿ ಊರೂರು ತಿರುಗಿದೆವು. ಹೋದ ಮನೆಗಳಲ್ಲೆಲ್ಲ ಅವಳಿಗೆ ಕಾಫಿ, ತಾಂಬೂಲ, ಮಾತು. ಹಿತ್ತಲಿಗೆ ಹೋದರೆ ನನ್ನದೇ ದೊಡ್ಡ ಹುಂಜ ಅಥವಾ ಅದರ ಮಗ. “ಇಲ್ಲೂ ಬಂದಿದ್ರಾ ಮೇಡಮ್ಮು?” ಎಂದು ಆಂಜಿನಮ್ಮ ಕೇಳುವಳು. “ಬಂದಿದ್ದೆ” ಎನ್ನುವೆ. ನಾನು ಕೆಲಸವನ್ನು ಎಷ್ಟು ಚೊಕ್ಕವಾಗಿ ಮಾಡಿದ್ದೆನೆಂದು ಮನೆ ಮನೆಯಲ್ಲೂ ಗೊತ್ತಾಗುತ್ತಾ ಬಂತು. ಒಂದೊಂದು ಬಾಗಿಲಿನಲ್ಲೂ ನನ್ನ ದನಿ ಸಣ್ಣದಾಗುತ್ತಿತ್ತು.

ಅಷ್ಟರಲ್ಲಿ ಬೋಡಿ ಮೊಟ್ಟೆಯ ನಡುವೆ ಬಿಡುವು ಜಾಸ್ತಿ ಮಾಡಿತ್ತು. ಇದೇ ಕೊನೆಯ ಸುತ್ತು ಎಂದು ಆಂಜಿನಮ್ಮ ಹೇಳಿದಳು. ಅವಳ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಶ್ರೀನಿವಾಸಪುರದ ಕಡೆ ಮಾವಿನ ತೋಟದಲ್ಲಿರುವ ಸರೋಜಮ್ಮ.

ಆ ಹೆಸರು ಕೇಳಿ ನನ್ನ ಮನಸ್ಸು ಕುಸಿಯಿತು. ಸರೋಜಮ್ಮ ನನ್ನ ಮಾದರಿ ಫಲಾನುಭವಿ. ಸುಧಾರಿತ ಹುಂಜವನ್ನು ಎದೆಗಪ್ಪಿಕೊಂಡು ನಗುತ್ತಿರುವ ಅವಳ ಫೋಟೋವನ್ನು ನಾನೇ ತೆಗೆದು ಕಚೇರಿಯ ಗೋಡೆಗೆ ಅಂಟಿಸಿದ್ದೆ. “ಅಲ್ಲೇನೂ ಸಿಗಲ್ಲ ಆಂಜಿನಮ್ಮ” ಎಂದೆ. “ನೋಡೇ ಬರೋಣ, ಬಸ್ಸೇನೂ ನಮ್ಮದಲ್ಲ” ಎಂದಳು.

ತೋಟದ ಮನೆ ತಲುಪಿದಾಗ ಮಾವಿನ ಕೊಂಬೆಯ ಮೇಲೆ ಒಂದು ಹುಂಜ ಕೂತಿತ್ತು. ಸಣ್ಣ ಮೈ, ಕಪ್ಪು ಕಾಲು, ಕೆಂಪು ಕತ್ತು. ನಾನು ಹಿಗ್ಗಲಿಲ್ಲ, ಒಮ್ಮೆ ಮೋಸ ಹೋಗಿದ್ದು ಸಾಕಾಗಿತ್ತು. ಸರೋಜಮ್ಮ ಹೊರಗೆ ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಆಂಜಿನಮ್ಮನನ್ನು ನೋಡಿ ಓಡಿ ಬಂದು ಕೈ ಹಿಡಿದಳು. ಇಬ್ಬರೂ ತೆಲುಗಿನಲ್ಲಿ ಶುರು ಮಾಡಿದರು. “ಎಪ್ಪುಡು ವಚ್ಚಿನಾವತ್ತಾ? ಇಪ್ಪುಡಾ ಜ್ಞಾಪಕಂ ವಚ್ಚಿಂದಿ?” ಯಾವಾಗ ಬಂದೆ ಅತ್ತೆ, ಈಗ ನೆನಪಾಯಿತೇ ಎಂದು ಸರೋಜಮ್ಮ ಜಗಳದಂತೆ ಕೇಳಿದಳು. ಊರಿನ ಹೆಣ್ಣುಮಕ್ಕಳಿಗೆಲ್ಲ ಆಂಜಿನಮ್ಮ ಅತ್ತೆಯೇ.

ಆಂಜಿನಮ್ಮ ನೇರವಾಗಿ ಹಿತ್ತಲಿಗೆ ನಡೆದಳು. ರಾಗಿ ಹುಲ್ಲಿನ ಪಕ್ಕದ ಪುಟ್ಟಿಯಲ್ಲಿ ಬೋಳುಕತ್ತಿನ ಹೇಂಟೆಯೊಂದು ಕಾವಿಗೆ ಕೂತಿತ್ತು. ಮೊಟ್ಟೆಗಳ ನಡುವೆ ಒಂದು ಇದ್ದಿಲು, ಒಂದು ಮೊಳೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇಡುವುದು ವಾಡಿಕೆ. “ಮೇಡಮ್ಮು, ಕೈ ಹಾಕಿ” ಎಂದಳು ಆಂಜಿನಮ್ಮ. ಹಾಕಿದೆ. ಅದು ಬೆರಳು ಹಿಡಿದು ತಿರುಚಿದ ರಭಸಕ್ಕೆ ರಕ್ತ ಬಂತು. ಅಷ್ಟು ಸಂತೋಷದಿಂದ ನಾನು ಎಂದೂ ಕಚ್ಚಿಸಿಕೊಂಡಿರಲಿಲ್ಲ.

“ಆ ಮರದ ಮೇಲಿರೋದು ಇದರ ಮಗನೇನಾ?”

“ಹೂನತ್ತೆ.”

ನಾನು ಬೆರಳು ಚೀಪುತ್ತಾ ಕೇಳಿದೆ, “ಸರೋಜಮ್ಮ, ನಿಮ್ಮ ಹುಂಜ ನಾವು ತಗೊಂಡು ಹೋಗಿದ್ವಲ್ಲ? ನಾನೇ ಬರ್ಕೊಂಡಿದೀನಿ.”

ಅವಳು ನೆಲ ನೋಡಿದಳು. “ಕೊಟ್ಟಿದ್ದು ನಮ್ಮದಲ್ಲ ಮೇಡಂ. ಸಂತೇಲಿ ಒಂದು ಕುಂಟು ಹುಂಜ ತಂದು ಕೊಟ್ಟೆ. ನಮ್ಮದನ್ನ ಒಳಗೆ ಕವುಚಿಟ್ಟಿದ್ದೆ. ನೀವು ಫೋಟೋ ತೆಗೆಯೋವಾಗ ಎಲ್ಲಿ ಕೂಗ್ಬಿಡ್ತದೋ ಅಂತ ಎದೆ ಡವಡವ ಅಂತಿತ್ತು.”

“ಮತ್ತೆ ನಾವು ಕೊಟ್ಟ ಹುಂಜ?”

“ಅದಾ...” ಎಂದು ಸೆರಗು ಸರಿಮಾಡಿಕೊಂಡಳು. “ಚೆನ್ನಾಗಿತ್ತು ಮೇಡಂ. ಕಾಯಿ ಕೀಳೋಕೆ ಬಂದೋರಿಗೆಲ್ಲ ಆಯ್ತು.”

ಆಂಜಿನಮ್ಮ ನಗು ತಡೆಯಲಾರದೆ ಪುಟ್ಟಿಯ ಪಕ್ಕ ಕೂತುಬಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು. ನನ್ನ ಮಾತು ಕೇಳಿದ ಮನೆಗಳಲ್ಲಿ ಒಂದು ತಳಿ ಹಾಳಾಗಿತ್ತು, ನನಗೆ ಮೋಸ ಮಾಡಿದ ಮನೆಯಲ್ಲಿ ಉಳಿದಿತ್ತು. ಸರೋಜಮ್ಮನಿಗೆ ಕೈ ಮುಗಿದೆ. ಅವಳಿಗೆ ಯಾಕೆಂದು ಅರ್ಥವಾಗಲಿಲ್ಲ, ಗಾಬರಿಯಾಗಿ ಅವಳೂ ಮುಗಿದಳು.

ಹುಂಜ ಕೊಡು ಎಂದು ಆಂಜಿನಮ್ಮ ಕೇಳಿದಾಗ ಸರೋಜಮ್ಮ ಒಪ್ಪಿದಳು, ಆದರೆ ನನ್ನ ಕೈಗೆ ಕೊಡಲು ಒಪ್ಪಲಿಲ್ಲ. “ಅತ್ತೆ ಕೊಟ್ಟ ಮೊಟ್ಟೇದು, ಅತ್ತೆ ಮನೇಗೆ ನಾನೇ ತರ್ತೀನಿ. ಬೋಡಿ ಕಾವಿಗೆ ಕೂತ ಮೇಲೆ ನಾನೇ ವಾಪಸ್ ತಗೊಂಡು ಹೋಗ್ತೀನಿ. ಮೇಡಂ, ಬೇಜಾರು ಮಾಡ್ಕೋಬೇಡಿ.” ನನಗೆ ಬೇಜಾರಾಯಿತು. ಅವಳು ಹೇಳಿದ್ದು ಸರಿಯಾಗಿಯೂ ಇತ್ತು.

ಸರೋಜಮ್ಮ ಹೇಳಿದಂತೆಯೇ ಹುಂಜ ತಂದು ಬಿಟ್ಟಳು. ಬೋಡಿ ಆರು ಮೊಟ್ಟೆ ಇಟ್ಟು ನಿಲ್ಲಿಸಿತು. ಆಂಜಿನಮ್ಮ ಇದ್ದಿಲು, ಮೊಳೆ ಇಟ್ಟು ಕಾವಿಗೆ ಕೂರಿಸಿದಳು. ಏಳನೆಯ ದಿನ ನಾನು ಹೋಗಿ ಮೊಬೈಲಿನ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿದೆ. ಎರಡು ಖಾಲಿ. ನಾಲ್ಕರಲ್ಲಿ ಕೆಂಪು ನರ ಕಂಡಿತು. ಅಲ್ಲಿಂದ ಎರಡು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಮಗಳ ಪರೀಕ್ಷೆಯ ಫಲಿತಾಂಶಕ್ಕೂ ಹೀಗೆ ಕಾದಿರಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹೋದಾಗ ಬೋಡಿಯ ರೆಕ್ಕೆಯಡಿ ಮೂರು ಮರಿಗಳಿದ್ದವು. ಎರಡರ ಕತ್ತು ಬೋಳು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಆಂಜಿನಮ್ಮ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಾನು ವಾರ ಬಿಟ್ಟು ಬಂದು ಮೂರಕ್ಕೂ ಲಸಿಕೆಯ ಹನಿ ಬಿಟ್ಟೆ. ಹೊರಡುವಾಗ ಅವಳು ಮಾಮೂಲಿನಂತೆ ಕೇಳಿದಳು.

“ಇದ್ರಲ್ಲಿ ಒಂದು ಹುಂಜ ಆಯ್ತು ಅಂತಿಟ್ಕೊಳಿ. ನಾಳೆ ನಿಮ್ಮಂಥೋರು ಯಾರಾದ್ರೂ ಕೇಳ್ಕೊಂಡು ಬಂದ್ರೆ ಏನನ್ಲಿ?”

“ಇಲ್ಲ ಅನ್ನಿ.”

“ಸುಳ್ಳಾ?”

“ಹೂಂ. ನಾನು ಬಂದು ಕೇಳಿದರೂ ಅಷ್ಟೇ.”

ಐದಾರು ತಿಂಗಳಾಯಿತು. ಮೇಲಧಿಕಾರಿಗಳು ಬದಲಾದರು. ಹೊಸಬರು ಇನ್ನೂ ಅವಸರದವರು, ಹಳೆಯ ಯೋಜನೆಯನ್ನೇ ಹೊಸ ಹೆಸರಿನಲ್ಲಿ ತಂದರು. ಯಾರ ಮನೆಯಲ್ಲಿ ಎಷ್ಟು ನಾಟಿ ಹುಂಜ ಇವೆ ಎಂದು ಮೊದಲು ಪಟ್ಟಿ ಮಾಡಬೇಕಿತ್ತು. ಗಡಿ ಹಳ್ಳಿಗಳಿಗೆ ಫಾರಂ ಹಿಡಿದುಕೊಂಡು ಹೋದವಳು ನಾನೇ. ಜೊತೆಗೆ ಆ ಸಾಹೇಬರೂ ಜೀಪಿನಲ್ಲಿ ಬಂದಿದ್ದರು.

ಆಂಜಿನಮ್ಮನ ಬಾಗಿಲಲ್ಲಿ ನಿಂತು ಕೇಳಿದೆ, “ನಾಟಿ ಹುಂಜ ಎಷ್ಟಿವೆ?”

ಅವಳು ನನ್ನ ಮುಖವನ್ನೇ ನೋಡುತ್ತಾ ಹೇಳಿದಳು, “ಒಂದೂ ಇಲ್ಲ ಮೇಡಮ್ಮು.”

ಅಷ್ಟರಲ್ಲಿ ಒಳಮನೆಯಿಂದ ಹುಂಜವೊಂದು ಗಂಟಲು ಬಿರಿಯುವಂತೆ ಕೂಗಿತು. ಸಾಹೇಬರು ನನ್ನತ್ತ ತಿರುಗಿದರು.

“ಪಕ್ಕದ ಮನೆಯದು ಸರ್” ಎಂದೆ. ಫಾರಂನಲ್ಲಿ ಸೊನ್ನೆ ಬರೆದು ಸಹಿ ಹಾಕಿದೆ.